ಮೂರನೆಯ ಕರೆ

ಮನೆಯವರೆಲ್ಲ ನಗುವಂಥ ಒಂದು ಚಾಳಿ ನನಗಿದೆ. ಬೀದಿಯಲ್ಲಿ ಯಾರು ಯಾರನ್ನು ಕರೆದರೂ ನಾನು "ಓ" ಎನ್ನುತ್ತೇನೆ. ಕಾಯಿಪಲ್ಲೆಯವಳು ಎದುರುಮನೆಯವರನ್ನು ಕೂಗಿದರೂ ಓ, ಯಾರೋ ತಮ್ಮ ಎಮ್ಮೆಯನ್ನು ಹೆಸರು ಹಿಡಿದು ಕರೆದರೂ ಓ. ಬಾಯಲ್ಲಿ ತುತ್ತಿದ್ದಾಗ ಓಗೊಟ್ಟು ನೆತ್ತಿಗೇರಿಸಿಕೊಂಡದ್ದೂ ಉಂಟು. ಈಗ ಕಿವಿ ಮಂದವಾಗಿದೆ. ಕೇಳಿಸಿತೋ ಇಲ್ಲವೋ ಎಂಬ ಅನುಮಾನಕ್ಕೂ ಒಂದು ಓ ಖರ್ಚಾಗುತ್ತದೆ. "ಅಜ್ಜಗ ಯಾರೂ ಕರೀಲಿಲ್ಲಂದ್ರೂ ಕೇಳಸ್ತೈತಿ" ಎನ್ನುತ್ತಾಳೆ ಮೊಮ್ಮಗಳು. ಅವಳ ಮಾತಿನಲ್ಲಿ ಸುಳ್ಳೇನೂ ಇಲ್ಲ.

ನಮ್ಮ ಕಡೆಯ ಪದ್ಧತಿ ಇದಕ್ಕೆ ತಿರುಗುಮುರುಗು. ಹೊರಗಿನಿಂದ ಯಾರಾದರೂ ಕರೆದರೆ ಒಂದೇ ಸಲಕ್ಕೆ ಓಗೊಡಬಾರದು, ಎರಡಕ್ಕೂ ಕೊಡಬಾರದು; ಮೂರನೆಯದಕ್ಕೆ ಕೊಡಬೇಕು. ಸತ್ತವರಿಗೆ ಎರಡು ಸಲ ಕರೆಯುವಷ್ಟೇ ಉಸಿರಿರುತ್ತದಂತೆ, ಮೂರನೆಯದು ಬದುಕಿದ್ದವರಿಗೆ ಮಾತ್ರ ಸಾಧ್ಯವಂತೆ. ಎರಡರೊಳಗೆ ಓ ಎಂದವರನ್ನು ಕರೆದದ್ದು ಜೊತೆಗೇ ಒಯ್ಯುತ್ತದಂತೆ. ಬೇರೆ ಊರುಗಳಲ್ಲಿ ಇದೆಲ್ಲ ಕತ್ತಲಾದ ಮೇಲಿನ ಭಯ. ನಮ್ಮ ಬಯಲುಸೀಮೆಯಲ್ಲಿ ಮಟಮಟ ಮಧ್ಯಾಹ್ನಕ್ಕೇ ಹೆಚ್ಚು ಅಂಜುತ್ತಿದ್ದರು. ಅದು ಸರಿಯೇ ಅನ್ನಿ. ತಿಕೋಟಾದ ಬಿಸಿಲಿನಲ್ಲಿ ಹನ್ನೆರಡು ಗಂಟೆಗೆ ಒಮ್ಮೆ ನಿಂತು ನೋಡಬೇಕು. ಎರಿಹೊಲದ ಮೇಲೆ ಗಾಳಿ ನೀರಿನಂತೆ ನಡುಗುತ್ತಿರುತ್ತದೆ, ದೂರದಲ್ಲಿ ಬರುವ ಮನುಷ್ಯನಿಗೆ ಕಾಲೇ ಇರುವುದಿಲ್ಲ. ಅರ್ಧ ಆಳು ತೇಲುತ್ತ ಬರುತ್ತದೆ. ಹತ್ತಿರ ಬಂದ ಮೇಲೆ ಕಾಲು ಮೂಡುತ್ತವೆ.

ಹಾಗೆ ತೇಲುತ್ತ ಬಂದವಳು ನನ್ನ ಅಕ್ಕ ಸಂಗವ್ವ. ಆಗ ಅವಳು ಸತ್ತು ವರ್ಷದ ಹತ್ತಿರವಾಗಿತ್ತು. ಸಾಯಿಸಿದವನು ನಾನು. ಗಾಬರಿಯಾಗಬೇಡಿ, ಕೈಯಿಂದಲ್ಲ, ಬಾಯಿಂದ.

ಮೊದಲಿನಿಂದ ಹೇಳುತ್ತೇನೆ. ಎಪ್ಪತ್ತರ ದಶಕದ ನಡುವಿನ ಮಾತು ಇದು. ಈಗ ತಿಕೋಟಾದ ಸುತ್ತ ಎತ್ತ ನೋಡಿದರೂ ದ್ರಾಕ್ಷಿ ಪಡ. ಆಗ ಅಲ್ಲೊಂದು ಇಲ್ಲೊಂದು. ನಮ್ಮ ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಹೋಗಿದ್ದ. ಅವ್ವ ನಾಲ್ಕೆಕರೆ ಹೊಲ ನೋಡಿಕೊಂಡು ನಮ್ಮಿಬ್ಬರನ್ನು ಸಾಕಿದಳು. ನನಗಿಂತ ಮೂರು ವರ್ಷ ದೊಡ್ಡದಾದ ಮಗುವಿಗೆ ಸಂಗಪ್ಪ ಎಂದು ಹೆಸರಿಟ್ಟಿದ್ದರು. ಜಗತ್ತಿಗೆಲ್ಲ ನನ್ನ ಅಣ್ಣ. ಆದರೆ ಆ ಅಣ್ಣನಿಗೆ ಬಾರಕೋಲು ಹಿಡಿಯುವುದಕ್ಕಿಂತ ರೊಟ್ಟಿ ಬಡಿಯುವುದು ಚೆನ್ನಾಗಿ ಬರುತ್ತಿತ್ತು. ಅವ್ವನ ರೊಟ್ಟಿಗಿಂತ ತೆಳ್ಳಗೆ, ಹುಣ್ಣಿಮೆಯ ಚಂದ್ರನಂತೆ ದುಂಡಗೆ. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದರೆ ಓಣಿಯ ಹೆಂಗಸರು ತಮ್ಮ ಕಲ್ಲು ನಿಲ್ಲಿಸಿ ಕೇಳುತ್ತಿದ್ದರು. ಅವ್ವ ಇದನ್ನೆಲ್ಲ ನೋಡಿಯೂ ನೋಡದವಳಂತೆ, "ಹೆಣ್ಣಮಕ್ಕಳಿಲ್ಲದ ಮನಿ, ಮಾಡ್ಲಿ ಬಿಡು" ಎನ್ನುತ್ತಿದ್ದಳು.

ಅದನ್ನು ಸಹಿಸದವನು ನಾನೊಬ್ಬನೇ. ಸಾಲಿಯಲ್ಲಿ ಹುಡುಗರು ನನ್ನನ್ನು ಕಾಡುತ್ತಿದ್ದರು. ಆ ಸಿಟ್ಟಿಗೆ ಒಂದು ದಿನ ಎಲ್ಲರ ಮುಂದೆ ನಾನೇ "ಏ ಸಂಗವ್ವಾ" ಎಂದು ಕೂಗಿದೆ. ಹೀಗಳೆಯಲು ಇಟ್ಟ ಹೆಸರು ಅದು. ಕೇಳಿದ ಮುಖ ಒಂದು ಗಳಿಗೆ ಅರಳಿದ್ದನ್ನು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು. ಮುಂದೆ ಆಕೆ ಅದೇ ಹೆಸರನ್ನು ಇಟ್ಟುಕೊಂಡಳು. ಜೀವಮಾನದಲ್ಲಿ ನಾನು ಆಕೆಗೆ ಕೊಟ್ಟ ಒಳ್ಳೆಯ ವಸ್ತು ಅದೊಂದೇ, ಅದೂ ಹೊಟ್ಟೆಕಿಚ್ಚಿನಿಂದ ಕೊಟ್ಟದ್ದು.

ಇಪ್ಪತ್ತರ ಸುಮಾರಿಗೆ ಆಕೆ ಮನೆ ಬಿಟ್ಟಳು. ವಿಜಾಪುರದಲ್ಲಿ — ಆಗ ನಾವು ಹಾಗೇ ಎನ್ನುತ್ತಿದ್ದೆವು — ಹುಲಿಗೆವ್ವ ಎಂಬ ಹಿರಿಯ ಜೋಗಪ್ಪನ ಮನೆಯಿತ್ತು. ಗಂಡಾಗಿ ಹುಟ್ಟಿ, ಹೆಣ್ಣೆಂದು ತಿಳಿದು, ಎಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟು ಬದುಕುವ ಐದಾರು ಜನ ಅಲ್ಲಿದ್ದರು. ಸಂಗವ್ವ ಅಲ್ಲಿ ಸೇರಿದಳು. ನನಗೆ ಗೊತ್ತಿತ್ತು. ಅವ್ವನಿಗೆ ಮಾತ್ರ ನಾನು, ಅಣ್ಣ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ ಎಂದು ಹೇಳಿಟ್ಟಿದ್ದೆ.

ಆಗ ನಾನು ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ, ತಿಕೋಟಾದ ಒಂದು ಅರಿವೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ, ಮತ್ತೆ ಮಡಿಸಿಡುವ ಉದ್ಯೋಗದಲ್ಲಿದ್ದೆ. ಮಡಿಸುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಯಾವುದರ ಮೇಲೆ ಕಲೆಯಿದ್ದರೂ ಅದು ಒಳಮಡಿಕೆಗೆ ಹೋಗುವಂತೆ ಮಡಿಸುತ್ತಿದ್ದೆ. ಬಬಲೇಶ್ವರದ ಹತ್ತಿರದ ಜೈನಾಪುರದಿಂದ ಹೆಣ್ಣು ಗೊತ್ತಾಯಿತು. ಹುಡುಗಿಯ ಅಪ್ಪ, ಹಿರಿಯ ಮಗನ ಮದುವೆಯಾಗದೆ ಕಿರಿಯವನದು ಹೇಗೆ, ಆ ಹಿರಿಯವನನ್ನು ಒಮ್ಮೆ ಕರೆಸಿ ಎಂದು ಪಟ್ಟುಹಿಡಿದ. ಅವ್ವನೂ ಸೊಲ್ಲಾಪುರಕ್ಕೆ ಹೋಗಿ ಕರೆದುಕೊಂಡು ಬಾ ಎಂದಳು.

ನಾನು ಹೋದದ್ದು ವಿಜಾಪುರಕ್ಕೆ. ಸಂಗವ್ವ ಹಸಿರು ಸೀರೆ ಉಟ್ಟು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ತಲೆ ತಗ್ಗಿಸಿಕೊಂಡೇ, ನನ್ನ ಮದುವೆಗೆ ಬರಬೇಡ ಎಂದೆ. ಆಗಲಿ ಎಂದಳು. ಒಂದೇ ಒಂದು ಕೇಳಿಕೊಂಡಳು: ಮದುವೆಯ ಗದ್ದಲವೆಲ್ಲ ಮುಗಿದ ಮೇಲೆ, ಅವ್ವ ಒಂದು ಸಲ ತನಗೆ ಉಡಿ ತುಂಬಬೇಕು. ಮನೆಯ ಹೆಣ್ಣುಮಗಳ ಸೆರಗಿಗೆ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿಬಟ್ಟಲು ಹಾಕಿ ಕಳಿಸುತ್ತಾರಲ್ಲ, ಅದು. ತವರಿನ ಉಡಿ ಬೀಳುವವರೆಗೆ ತಾನು ಯಾರ ಮನೆಯವಳೂ ಅಲ್ಲ ಅನಿಸುತ್ತದೆ ಎಂದಳು. ನಾನು ಹೂಂ ಎಂದೆ. ಹೊರಡುವಾಗ ಆಕೆ ತನ್ನ ಹಳೆಯ ಧೋತರ, ಅಂಗಿ ತಂದು ಕೈಗಿಟ್ಟಳು. "ಇನ್ನ ಇವು ನನಗ ಬ್ಯಾಡ. ನೀ ಉಟ್ಕೋ."

ವಾಪಸು ಬಸ್ಸಿನಲ್ಲಿ ಆ ಗಂಟು ನನ್ನ ತೊಡೆಯ ಮೇಲಿತ್ತು. ವಿಜಾಪುರ ಬಿಡುವಾಗ ಅದು ಬರೀ ಬಟ್ಟೆ. ತಿಕೋಟಾ ಬರುವ ಹೊತ್ತಿಗೆ ಸತ್ತವನ ಬಟ್ಟೆಯಾಗಿತ್ತು. ಮನೆಗೆ ಬಂದು ಅವ್ವನ ಮುಂದೆ ಗಂಟು ಇಟ್ಟು, ವಾಂತಿಭೇದಿಯಾಗಿ ಸೊಲ್ಲಾಪುರದಲ್ಲಿ ತೀರಿಹೋದ, ಗಿರಣಿಯವರೇ ಮಣ್ಣು ಮಾಡಿದರು ಎಂದೆ. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಆ ಅಳು ಖರೆಯದಾಗಿತ್ತು ಎಂಬುದು ಇವತ್ತಿಗೂ ನನಗೆ ವಿಚಿತ್ರವೆನಿಸುತ್ತದೆ.

ಸಾವಾದ ಮನೆಯಲ್ಲಿ ವರ್ಷದೊಳಗೆ ಶುಭಕಾರ್ಯವಾಗಬೇಕು ಎನ್ನುತ್ತಾರೆ. ಬೀಗರು ಮರುಕಪಟ್ಟು ಲಗ್ನವನ್ನು ಇನ್ನೂ ಬೇಗ ಇಟ್ಟರು. ನಾನು ಬಾಸಿಂಗ ಕಟ್ಟಿಕೊಂಡೆ. ಗಂಗವ್ವ ಮನೆಗೆ ಬಂದಳು.

ಮಹಾನವಮಿಯ ಅಮಾವಾಸ್ಯೆ ಬಂತು, ಹಿರಿಯರ ಹಬ್ಬ. ಪಡಸಾಲೆಯಲ್ಲಿ ಮಣೆಯ ಮೇಲೆ ಅಪ್ಪನ ರುಮಾಲು, ಪಕ್ಕದಲ್ಲಿ ಸಂಗಪ್ಪನ ಧೋತರ, ಅಂಗಿ. ಎರಡಕ್ಕೂ ವಿಭೂತಿ, ಕುಂಕುಮ. ಹೋಳಿಗೆ, ಕಡಬು, ತುಪ್ಪದ ಎಡೆ. ಮಾಳಿಗೆಯ ಮೇಲೆ ಕಾಗೆಗೆಂದು ಎರಡು ಎಲೆ. ಕಾಗೆ ಮುಟ್ಟುವವರೆಗೆ ಮನೆಯವರು ಉಣ್ಣುವಂತಿಲ್ಲ. ಕಾಗೆ ಬಂತು. ಅಪ್ಪನ ಎಲೆಯನ್ನು ಗಬಗಬನೆ ತಿಂದಿತು. ಇನ್ನೊಂದು ಎಲೆಯ ಸುತ್ತ ಎರಡು ಸುತ್ತು ಕುಪ್ಪಳಿಸಿ, ಕತ್ತು ವಾರೆ ಮಾಡಿ ನನ್ನನ್ನು ನೋಡಿ ಹಾರಿಹೋಯಿತು. ಅದಕ್ಕೆ ಹೊಟ್ಟೆ ತುಂಬಿತ್ತು ಅಷ್ಟೇ, ಎಂದು ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ.

ಅವ್ವ ಮತ್ತೊಂದು ಕಾಗೆಗಾಗಿ ಕಾಯೋಣ ಎಂದಳು. ಗಂಗವ್ವ ಬಸುರಿ, ಹಸಿದಿದ್ದಳು. ಹನ್ನೆರಡು ದಾಟಿತ್ತು. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಬಾಗಿಲು ಮುಂದೆ ಮಾಡಿತ್ತು. ನಾನು ಪಡಸಾಲೆಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಹಾದಿಯ ತುದಿಯಲ್ಲಿ ಕಾಲಿಲ್ಲದ ಹಸಿರು ಬಣ್ಣವೊಂದು ನಡುಗುತ್ತ ಬರುತ್ತಿತ್ತು.

"ಅವ್ವಾ."

ಒಳಗೆ ಅಡುಗೆಮನೆಯ ಹೊಸ್ತಿಲಲ್ಲಿ ಅವ್ವ ಎದ್ದು ನಿಂತದ್ದು ಬಳೆಯ ಸದ್ದಿನಿಂದ ತಿಳಿಯಿತು. ಗಂಗವ್ವ ಆಕೆಯ ಸೆರಗು ಹಿಡಿದಿರಬೇಕು. ಮಣೆಯ ಮೇಲಿನ ಬಟ್ಟೆ ಗಾಳಿಯಿಲ್ಲದೆಯೂ ಅಲುಗಿದಂತಾಯಿತು.

"ಅವ್ವಾ."

"ನನ್ನ ಕೂಸಿನ ದನಿ" ಎಂದಳು ಅವ್ವ. "ತಡೀರಿ, ಮೂರನೇದು ಬರಲಿ."

ಮೂರನೆಯದು ಬರಬೇಕಿತ್ತು. ಸಂಗವ್ವ ಕಿಟಕಿಯ ಹತ್ತಿರ ಬಂದಿದ್ದಳು. ನನ್ನನ್ನು ಕಂಡು ನಕ್ಕಳು. ಮತ್ತೊಮ್ಮೆ ಕರೆಯಲು ಬಾಯಿ ತೆರೆದಳು. ನಾನು ಬೆರಳನ್ನು ತುಟಿಯ ಮೇಲಿಟ್ಟೆ. ಆಮೇಲೆ ಅದೇ ಕೈಯಿಂದ, ದನ ಅಟ್ಟುವ ಹಾಗೆ, ಹೋಗು ಎಂದೆ. ಆಕೆಯ ಕಣ್ಣು ನನ್ನ ಕೈಯಿಂದ ಸರಿದು ನನ್ನ ಹೆಗಲ ಮೇಲಿಂದ ಒಳಗೆ ಹೋಯಿತು. ಮಣೆ, ಕುಂಕುಮ ಹಚ್ಚಿದ ತನ್ನದೇ ಅಂಗಿ, ಅದರ ಮುಂದೆ ಎಡೆ. ತೆರೆದ ಬಾಯಿ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಮುಚ್ಚಿತು. ತಿರುಗಿ ನಡೆದಳು. ಬಂದ ಹಾದಿಯಲ್ಲೇ ಕಾಲು ಕರಗಿ, ಹಸಿರು ಕರಗಿ, ಬರೀ ಬಿಸಿಲು ಉಳಿಯಿತು.

"ಯಾರದಾರ?" ಎಂದಳು ಅವ್ವ.

"ಯಾರೂ ಇಲ್ಲ" ಎಂದೆ.

ಅವತ್ತಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಮಗ ಹಸಿದು ತಿರುಗುತ್ತಿದ್ದಾನೆ ಎಂದು ಅವ್ವನಿಗೆ ಖಾತ್ರಿಯಾಯಿತು. ಕಾಗೆ ಮುಟ್ಟಲಿಲ್ಲ, ಕರೆ ಎರಡಕ್ಕೇ ನಿಂತಿತು. ಇನ್ನೇನು ಸಾಕ್ಷಿ ಬೇಕು? ಮಧ್ಯಾಹ್ನದ ಊಟ ಬಿಟ್ಟಳು. ಹೊಸ್ತಿಲ ಹೊರಗೆ ಒಂದು ರೊಟ್ಟಿ, ತಂಬಿಗೆ ನೀರು ಇಟ್ಟು, ಬಾಗಿಲು ತೆರೆದಿಟ್ಟು ಕಿವಿಗೊಟ್ಟು ಕೂಡುತ್ತಿದ್ದಳು. ಸಂಜೆಗೆ ರೊಟ್ಟಿ ಇರುತ್ತಿರಲಿಲ್ಲ. ನಾಯಿ ತಿನ್ನುತ್ತಿತ್ತು, ನಾನೇ ಕಂಡಿದ್ದೆ. ಆದರೆ ತಂಬಿಗೆಯ ನೀರು? ಹೀಗೆ ಯೋಚಿಸತೊಡಗಿದೆ ನೋಡಿ, ಅಲ್ಲಿಗೆ ಮುಗಿಯಿತು. ದೆವ್ವ ಇಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ, ಮೊದಲು ತಾಯತ ಕಟ್ಟಿಸಿಕೊಂಡವನೂ ನಾನೇ. ಅಂಗಡಿಯಲ್ಲಿ ಹಸಿರು ಸೀರೆ ಬಿಚ್ಚುವಾಗ ಬಾಗಿಲ ಕಡೆ ನೋಡುತ್ತಿದ್ದೆ. ಬದುಕಿರುವವರ ದೆವ್ವಕ್ಕೆ ಯಾವ ಮಂತ್ರವೂ ಹತ್ತುವುದಿಲ್ಲ ಎಂಬುದನ್ನು ನಾನು ಆಗ ಕಲಿತೆ.

ಮುಂದಿನ ಬೇಸಿಗೆಯಲ್ಲಿ, ಒಂದು ಮಂಗಳವಾರ, ಹುಲಿಗೆವ್ವ ಅಂಗಡಿಗೆ ಬಂದಳು. ಎತ್ತರದ ಆಳು, ಹಣೆತುಂಬ ಅರಿಸಿನದ ಭಂಡಾರ. ಮಾಲಕರು ಊಟಕ್ಕೆ ಹೋಗಿದ್ದರು. ಗಾದಿಯ ತುದಿಗೆ ಕುಳಿತು, ಸೀರೆ ತೋರಿಸು ಎಂದಳು. ನಾನು ಬಿಚ್ಚುತ್ತ ಹೋದೆ. ಆಕೆ ಸೀರೆ ನೋಡಲಿಲ್ಲ.

"ನಿನ್ನ ಬೈಯಾಕ ಬಂದಿಲ್ಲ" ಎಂದಳು. "ನಮ್ಮ ಹುಡುಗಿ ತಾ ಸತ್ತೇನಿ ಅನ್ನಾಕತ್ಯಾಳ. ಅದನ್ನ ಹೇಳಾಕ ಬಂದೀನಿ."

ಸಂಗವ್ವ ಬಿಸಿಲಿಗೆ ಹೋಗಿ ನಿಂತು ತನ್ನ ನೆರಳು ಬೀಳುತ್ತದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಾಳಂತೆ. ತಾಟು ಮುಂದಿಟ್ಟರೆ, ಕಾಗೆ ಮುಟ್ಟಲಿ ಆಮೇಲೆ ಉಣ್ಣುತ್ತೇನೆ ಎನ್ನುತ್ತಾಳಂತೆ. ಬದುಕಿದ್ದೀನೇನು, ಮುಟ್ಟಿ ನೋಡಿರಿ ಎಂದು ಕೈ ಚಾಚುತ್ತಾಳಂತೆ. ತನ್ನ ಮನೆಗೆ ಬಂದ ಮಕ್ಕಳಲ್ಲಿ ಅರ್ಧಕ್ಕರ್ಧ ತಮ್ಮ ತಮ್ಮ ಊರಲ್ಲಿ ಸತ್ತವರೇ, ಆದರೆ ತನಗೇ ಎಡೆ ಇಟ್ಟದ್ದನ್ನು ಕಣ್ಣಾರೆ ಕಂಡವಳು ಇವಳೊಬ್ಬಳೇ, ಎಂದಳು ಹುಲಿಗೆವ್ವ.

"ಮದ್ದು ಮಾಡಿಸೀನಿ, ಅಂಗಾರ ಹಚ್ಚೀನಿ. ನಾ ಎಷ್ಟ ಸಾಕಿದ್ರೂ ನಾ ಹಡದಾಕಿ ಅಲ್ಲಲ್ಲ. ಹಡದಾಕಿ ಒಮ್ಮಿ ಓ ಅನ್ನಬೇಕ. ಇಲ್ಲಂದ್ರ ಈ ಹುಡುಗಿ ಉಳಿಯೂದಿಲ್ಲ."

ಎದ್ದು ಹೋದಳು. ಸುತ್ತಲೂ ಹರಡಿದ್ದ ಸೀರೆಗಳನ್ನು ಮಡಿಸಲು ನನಗೆ ಆ ದಿನ ಕೈ ಬರಲಿಲ್ಲ.

ಆದರೂ ನಾನು ಹನ್ನೊಂದು ದಿನ ತಡೆದೆ. ಮಗು ಹುಟ್ಟಿತ್ತು, ಬೀಗರು ಬರುವವರಿದ್ದರು, ಅದು ಆಗಲಿ ಇದು ಆಗಲಿ. ಹನ್ನೆರಡನೆಯ ದಿನ ಮಧ್ಯಾಹ್ನ ಹೊಸ್ತಿಲಲ್ಲಿ ಕುಳಿತಿದ್ದ ಅವ್ವ ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ನಿಮ್ಮ ದೊಡ್ಡಪ್ಪ ಬರುತ್ತಾನೆ, ನೀನಾದರೂ ಓ ಅನ್ನು, ನಿನ್ನನ್ನು ಅವ ಒಯ್ಯುವುದಿಲ್ಲ ಎಂದು ಹೇಳಿಕೊಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಹೇಳಿದೆ. ಸೊಲ್ಲಾಪುರ ಸುಳ್ಳು, ವಾಂತಿಭೇದಿ ಸುಳ್ಳು, ಸಾವು ಸುಳ್ಳು. ವಿಜಾಪುರದಲ್ಲಿದ್ದಾಳೆ, ಸೀರೆ ಉಡುತ್ತಾಳೆ, ಸಂಗವ್ವ ಎನ್ನುತ್ತಾರೆ, ಹಬ್ಬದ ದಿನ ಕರೆದದ್ದು ಆಕೆಯೇ. ಕಿಟಕಿಯ ಮಾತೊಂದನ್ನು ಹೇಳಲಿಲ್ಲ. ಆ ಕಲೆ ಒಳಮಡಿಕೆಗೆ ಹೋಯಿತು.

ಅವ್ವ ಹೊಡೆಯಲಿಲ್ಲ. ಕೂಸನ್ನು ಗಂಗವ್ವನ ಕೈಗೆ ಕೊಟ್ಟು, ಎದ್ದು ನಿಂತು, ಕೇಳಿದ್ದು ಒಂದೇ.

"ನಿಮ್ಮ ಅಂಗಡ್ಯಾಗ ಹಸರ ಖಣ ಅದಾವೇನ?"

ಸಂಜೆಯ ಬಸ್ಸಿಗೆ ಹೋದೆವು. ಹುಲಿಗೆವ್ವನ ಅಂಗಳದಲ್ಲಿ ಸಂಗವ್ವ ಇಳಿಬಿಸಿಲಿಗೆ ಬೆನ್ನು ಮಾಡಿ, ಮುಂದೆ ಉದ್ದಕ್ಕೆ ಬಿದ್ದ ತನ್ನ ನೆರಳನ್ನೇ ನೋಡುತ್ತ ಕುಳಿತಿದ್ದಳು. ಮೈ ಕಡ್ಡಿಯಾಗಿತ್ತು. ನಾವು ಬಂದದ್ದು ಅರಿವಿಗೆ ಬಂದಂತಿರಲಿಲ್ಲ. ಅವ್ವ ಬಾಗಿಲಲ್ಲೇ ನಿಂತಳು. ಯಾರೂ ಕರೆದಿರಲಿಲ್ಲ. ಅವ್ವ ಅಂದಳು:

"ಓ. ಬಂದ್ನಿ."

ಸಂಗವ್ವ ತಿರುಗಲಿಲ್ಲ. ಮೊದಲು ಆಕೆಯ ನೆರಳಿನ ಹೆಗಲು ಅಲುಗಾಡಿತು, ಆಮೇಲೆ ಆಕೆಯದು. ಅವ್ವ ಹೋಗಿ ಮುಂದೆ ಕುಳಿತು, ತೋಳು ಹಿಚುಕಿ ನೋಡಿ, ಇದೇನು ರಟ್ಟೆಯೋ ಜೋಳದ ದಂಟೋ, ಇಲ್ಲಿ ಉಣ್ಣಲಿಕ್ಕೆ ಹಾಕುತ್ತಾರೋ ಇಲ್ಲವೋ ಎಂದು ಹುಲಿಗೆವ್ವನನ್ನೇ ಬೈದಳು. ಹುಲಿಗೆವ್ವ ನಕ್ಕು ಕಣ್ಣೊರೆಸಿಕೊಂಡಳು. ಉಡಿ ತುಂಬುವಾಗ ಅವ್ವನ ಕೈ ತಪ್ಪಲಿಲ್ಲ. ಖಣ, ಅಕ್ಕಿ, ಕೊಬ್ಬರಿಬಟ್ಟಲು, ಎಲೆಯಡಿಕೆ, ಬೆಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಸುಲಭಕ್ಕೆ ಪಾರಾಗುತ್ತಿದ್ದೆ. ಆದರೆ ಹುಲಿಗೆವ್ವ ಅವ್ವನ ಕೈ ಹಿಡಿದು, ಅಕ್ಕಾ, ಬಬಲೇಶ್ವರದಲ್ಲಿ ಇಂಥದೇ ಕೂಸಿನ ಇನ್ನೊಬ್ಬ ತಾಯಿ ಇದ್ದಾಳೆ, ನಾನು ಹೋದರೆ ಬಾಗಿಲು ಹಾಕುತ್ತಾರೆ, ನೀನು ಹೋದರೆ ಹಾಕಲಿಕ್ಕಿಲ್ಲ ಎಂದಳು. ಅವ್ವ ಹೋದಳು. ಮೊದಲ ಸಲ ಪಡಸಾಲೆಯಲ್ಲಿ ಕುಳಿತು ಏನು ಮಾತಾಡಬೇಕೋ ತಿಳಿಯದೆ ಆ ಮನೆಯವರ ಜೋಳ ಹಸನು ಮಾಡಿಕೊಟ್ಟು ಬಂದಳಂತೆ. ಎರಡನೆಯ ಸಲಕ್ಕೆ ಮಾತು ಬಂತು. ಆಮೇಲೆ ಅದೇ ಒಂದು ರೂಢಿಯಾಯಿತು. ಸುಗ್ಗಿಯಿಲ್ಲದ ದಿನಗಳಲ್ಲಿ ಅವ್ವ, ಸಂಗವ್ವ, ಹುಲಿಗೆವ್ವ ಮೂವರೂ ಬಸ್ಸು ಹತ್ತಿ ಯಾವುದಾದರೂ ಊರಿಗೆ ಹೋಗುತ್ತಿದ್ದರು. ಹೋದಲ್ಲಿ ಅವ್ವ ಶುರುಮಾಡುತ್ತಿದ್ದದ್ದು ಹೀಗೆ: "ನಾ ಜೀವಂತ ಕೂಸಿಗೆ ಎಡಿ ಇಟ್ಟಾಕಿ ಅದೀನ್ರಿ." ಕೇಳಿದ ಹೆಂಗಸರ ಕೈಯಲ್ಲಿನ ಕೆಲಸ ನಿಲ್ಲುತ್ತಿತ್ತು. ಜೈನಾಪುರದ ನನ್ನ ಮಾವ ಸಿಟ್ಟಾಗಿ ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ಗಂಗವ್ವ ಮಾತ್ರ ಬುತ್ತಿ ಕಟ್ಟಿಕೊಡುತ್ತಿದ್ದಳು.

ನನಗೂ ಒಂದು ಕೆಲಸವಿತ್ತು. ಅವ್ವ ವಿಧಿಸಿದ್ದು. ಒಮ್ಮೊಮ್ಮೆ ನನ್ನನ್ನೂ ಕರೆದುಕೊಂಡು ಹೋಗಿ, ಹೇಳು ಎನ್ನುತ್ತಿದ್ದಳು. ನಾನು ಎದ್ದು ನಿಂತು, ಸಾಲಿಯಲ್ಲಿ ಪಾಠ ಒಪ್ಪಿಸಿದಂತೆ, ನನ್ನ ಲಗ್ನಕ್ಕಾಗಿ ಒಡಹುಟ್ಟಿದಾಕೆಯನ್ನು ಸಾಯಿಸಿದೆ ಎಂದು ಹೇಳಬೇಕಿತ್ತು. ಪ್ರತಿ ಸಲ ಹೇಳಿದೆ, ಪ್ರತಿ ಸಲ ಕಿಟಕಿಯ ಹತ್ತಿರ ಬಂದಾಗ ನಿಲ್ಲಿಸಿದೆ.

ಆ ದಶಕದ ಕೊನೆಯಲ್ಲಿ ಕನಮಡಿಗೆ ಹೋಗಿದ್ದೆವು. ಅಲ್ಲಿನ ಒಬ್ಬ ರೈತ ಸೀರೆ ಉಟ್ಟ ತನ್ನ ಮಗುವನ್ನು ಮನೆಯೊಳಗೆ ಸೇರಿಸದೆ ವರ್ಷವಾಗಿತ್ತು. ಆ ಮಗು ಹುಲಿಗೆವ್ವನ ಜೊತೆ ಹೊರಗೆ ಬೇವಿನ ಬುಡದಲ್ಲಿ ನಿಂತಿತ್ತು. ಆತ ತಂಬಾಕು ತಿಕ್ಕುತ್ತ ಎಲ್ಲ ಕೇಳಿದ. ಕೇಳಿ, ತಂಬಾಕು ಬಾಯಿಗೆ ಹಾಕದೆ ನನ್ನ ಕಡೆ ತಿರುಗಿದ.

"ಅಲ್ಲೋ ತಮ್ಮಾ, ಹೆಂಗಸರು ಅಂಜಿ ಒಳಗ ನಿಂತ್ರು, ಖರೆ. ನೀನರ ಕಿಡಕ್ಯಾಗ ಹಣಿಕಿ ನೋಡಲಿಲ್ಲೇನ?"

ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವ್ವ ಕೂಡ. ಈಗ ಅವ್ವ ಮೆಲ್ಲಗೆ ಮುಖ ತಿರುಗಿಸಿ ನನ್ನನ್ನು ನೋಡತೊಡಗಿದಳು. ಮಧ್ಯಾಹ್ನದ ಹೊತ್ತು. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆಕೆಯ ಕಣ್ಣಿನಲ್ಲಿ ಆ ಬಳೆಯ ಸದ್ದು, ಆ ಎರಡು ಕರೆ, ನನ್ನ "ಯಾರೂ ಇಲ್ಲ" ಎಲ್ಲ ಒಂದೊಂದಾಗಿ ಎದ್ದು ಬರುತ್ತಿದ್ದದ್ದನ್ನು ನಾನು ಕಂಡೆ.

"ನೋಡಿದನ್ರಿ" ಎಂದಳು ಸಂಗವ್ವ. ಆಕೆ ಅವ್ವನ ಪಕ್ಕದಲ್ಲಿ ಕುಳಿತಿದ್ದಳು. ತಲೆ ಎತ್ತಲಿಲ್ಲ. "ಅಷ್ಟೊತ್ತಿಗೆ ನಾ ಹೊಂಟ ಹೋಗಿದ್ನಿ. ನಾನ ಗಡಿಬಿಡಿ ಮಾಡಿದ್ನಿ."

ಅವ್ವ ಮುಖ ಆಚೆ ಮಾಡಿದಳು. ರೈತ ಎದ್ದು ಹೊರಗೆ ಹೋಗಿ, ಬೇವಿನ ಬುಡದ ಕಡೆ ನೋಡದೆಯೇ, ಉಣ್ಣಲಿಕ್ಕೆ ಹೊತ್ತಾಯಿತು, ಕೈಕಾಲು ತೊಳೆದುಕೋ ಎಂದ.

ವಾಪಸು ಬಸ್ಸಿನಲ್ಲಿ ಅವ್ವ ಮುಂದಿನ ಸೀಟಿನಲ್ಲಿ ಹುಲಿಗೆವ್ವನ ಹೆಗಲಿಗೆ ಒರಗಿ ನಿದ್ದೆ ಹೋದಳು. ನಾನು ಸಂಗವ್ವನ ಪಕ್ಕದಲ್ಲಿ ಕುಳಿತು, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಅವ್ವಗ ಇಬ್ರೂ ಬೇಕಲ್ಲೋ, ತಮ್ಮಾ" ಎಂದಳು.